ಕಾರಿಗೂ ಒಂದು ಟಿಕೆಟ್ ಕೊಡ್ರಿ ಸಾಹೇಬ್ರ: ನೈಋತ್ಯ ರೈಲ್ವೆಗೆ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಜನರಲ್ ಮ್ಯಾನೇಜರ್ ಸಾಹೇಬ್ರಿಗೆ,
ನೈಋತ್ಯ ರೈಲ್ವೆ, ರೈಲ್ ಸೌಧ, ಗದಗ ರೋಡ್, ಹುಬ್ಬಳ್ಳಿ

ನಮಸ್ಕಾರ್ರಿ ಸಾಹೇಬ್ರ.

ನಾನು ಕೇಶ್ವಾಪುರದಾವ. ನಿಮ್ಮ ಆಫೀಸು ನಮ್ಮ ಮನಿಗೆ ಭಾಳ ದೂರ ಏನಲ್ಲ, ಖುದ್ದ ಬಂದು ಅರ್ಜಿ ಕೊಡಬಹುದಿತ್ತು, ಆದ್ರ ಅರ್ಜಿ ಅಂದ್ರ ನೀವೊಬ್ರ ಓದ್ತೀರಿ, ಇದನ್ನ ಹುಬ್ಬಳ್ಳಿ ಧಾರವಾಡ ಗದಗ ಹಾವೇರಿ ಮಂದಿನೂ ಓದ್ಲಿ, ಹೌದನ್ನೋರು ಹೌದನ್ಲಿ, ಬೈಯೋರು ಬೈಲಿ ಅಂತ ಹಿಂಗ ಬರೀಲಿಕತ್ತೇನಿ. ಉದ್ದ ಆಗ್ತದ, ಒಂದು ಚಾ ತರಿಸ್ಕೊಂಡು ಕೂಡ್ರಿ.

ಕೇಳೋದು ಒಂದ. ಹುಬ್ಬಳ್ಳಿ ಬೆಂಗಳೂರು ನಡುವ ರಾತ್ರಿ ಒಂದು ಗಾಡಿ ಬಿಡ್ರಿ, ಮಂದಿ ಮುಂದಿನ ಬೋಗಿಯೊಳಗ ಮಲ್ಕೋಬೇಕು, ಅವರ ಕಾರು ಹಿಂದ ವ್ಯಾಗನ್ನಿನೊಳಗ ಬರಬೇಕು, ಮುಂಜಾನೆ ಇಳಿದು ಅವರವರ ಕಾರು ಅವರು ಹತ್ತಿ ಹೋಗಬೇಕು. ಅಷ್ಟ.

ಓದಿದ ಕೂಡ್ಲೆ ಇವನ್ಯಾರೋ ರೊಕ್ಕ ಸೊಕ್ಕಿದಾವ ಅಂತ ಅನ್ನಿಸಿರ್ತದ, ಗೊತ್ತದ. ನನ್ನ ಬಲಗಾಲು ಪೋಲಿಯೋ ಸಾಹೇಬ್ರ. ಎರಡೂವರಿ ವರ್ಷದ ಕೂಸಿದ್ದಾಗ ಬಂದಿದ್ದು, ಈಗ ನನಗ ಐವತ್ತೊಂದು. ಕಾಲಿಗೆ ಆಸರಕ್ಕ ಕಟ್ಟೋ ಕ್ಯಾಲಿಪರ್ ಹಾಕ್ಕೊಂಡು ಕೋಲು ಹಿಡಕೊಂಡು ಮನಿಯೊಳಗ ಅಂಗಳದಾಗ ನಡೀತೇನಿ, ದೂರ ಆತಂದ್ರ ಗಾಲಿ ಕುರ್ಚಿ ಬೇಕು. ಆದ್ರ ಕಾರು ಮಸ್ತ್ ಹೊಡೀತೇನಿ. ಸ್ಟಿಯರಿಂಗ್ ಕೆಳಗ ಎಡಗೈಗೆ ಒಂದು ಲಿವರ್ ಅದ, ಒತ್ತಿದ್ರ ಬ್ರೇಕು ಜಗ್ಗಿದ್ರ ಎಕ್ಸಲರೇಟರು, ಅದರ ತುದಿಗೆ ಗೋಕುಲ ರೋಡಿನ ಒಬ್ಬ ಮೆಕ್ಯಾನಿಕ್ ಹುಡುಗ ಸೈಕಲ್ ಹ್ಯಾಂಡಲಿನ ರಬ್ಬರ್ ಗ್ರಿಪ್ ಏರಿಸಿ ಕೊಟ್ಟಾನ, ಬೆವರಿಗೆ ಕೈ ಜಾರಬಾರ್ದು ಅಂತ. ನನ್ನ ಆರ್‌ಸಿ ಬುಕ್ಕಿನ್ಯಾಗ ಇದೆಲ್ಲಾ ಬರದದ, ಲೈಸೆನ್ಸಿನ್ಯಾಗೂ ಬರದದ. ಮಂದಿಗೆ ಕಾರು ಅಂದ್ರ ಗಾಡಿ, ನನಗ ಅದು ಮನಿ ಮುಂದ ಪಾರ್ಕ್ ಮಾಡಿಟ್ಟ ಕಾಲು.

ಈಗ ತ್ರಾಸು ಏನಂದ್ರ ಮನಿಯಾಕಿಗೆ ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ದವಾಖಾನಿಗೆ ತೋರಿಸಬೇಕು. ಏನು ಬ್ಯಾನಿ ಅಂತ ಇಲ್ಲಿ ಬರಿಯೂದಿಲ್ಲ, ಆಕಿ ಬ್ಯಾಡ ಅಂದಾಳ. ಆಕಿಗೆ ಡ್ರೈವಿಂಗ್ ಬರೂದಿಲ್ಲ, ಮಗ ಹೊರದೇಶದಾಗ ಇದ್ದಾನ, ಅಂದ್ರ ಹೊಡಿಯಾವ ನಾನ.

ನಮ್ಮ ಮನಿಯಿಂದ ಬೆಂಗಳೂರು 410 ಕಿಲೋಮೀಟರ್ ಅನ್ರಿ. ಎರಡೂ ಕಾಲು ಗಟ್ಟಿ ಇದ್ದಾವ ಎಕ್ಸಲರೇಟರ್ ಮ್ಯಾಲ ಪಾದ ಇಟ್ಟ್ರ ಹಿಮ್ಮಡಿ ಕೆಳಗ ನೆಲಕ್ಕ ಊರಿರ್ತದ, ಅದಕ್ಕ ಆಸರ ಇರ್ತದ. ನನ್ನ ಕೈ ಹಂಗಲ್ಲ, ಗಾಳಿಯೊಳಗ ಇರ್ತದ, ಏಳೆಂಟು ತಾಸು ಜಗ್ಗಿ ಹಿಡೀಬೇಕು. ಒಂದ್ಸಲ ದೀಪಾವಳಿ ಮುಂದ ಬೆಂಗಳೂರಿನಿಂದ ವಾಪಸ್ ಬರೋವಾಗ ಊರು ಬಿಡೂದ್ರಾಗ ನೆಲಮಂಗಲ ದಾಟೂದ್ರಾಗ ಎರಡೂವರಿ ತಾಸು ಹೋತು, ಬ್ರೇಕು ಎಕ್ಸಲರೇಟರು ಬ್ರೇಕು ಎಕ್ಸಲರೇಟರು ಅಂತ ಎಲ್ಲಾ ಒಂದ ಕೈಯಾಗ ಮಾಡಿ, ಶಿರಾ ದಾಟಿದ ಮ್ಯಾಲ ರಾತ್ರಿ ಒಂದೂವರಿ ಸುಮಾರಿಗೆ ನನ್ನ ಎಡಗೈ ಬೆರಳು ಲಿವರಿಗೆ ಸುತ್ತಿಕೊಂಡಾವು ಬಿಡವಲ್ಲವು. ಜುಮುಜುಮು ಅಂತಾವ, ಆದ್ರ ಹಿಡಿದದ್ದು ಬಿಡೂದಿಲ್ಲ. ಮನಿಯಾಕಿ ಒಂದೊಂದ ಬೆರಳು ಬಿಡಿಸಿದ್ಲು. ಹೆಂಗೋ ಒಂದು ಢಾಬಾದ ಮುಂದ ನಿಲ್ಲಿಸಿದೆ. ಅಲ್ಲಿ ಬ್ಯಾಡಗಿ ಕಡೆ ಲಾರಿ ಡ್ರೈವರ್ ಒಬ್ಬಾವ ಮಾರ್ಕೆಟ್ಟಿಗೆ ಮೆಣಸಿನಕಾಯಿ ಇಳಿಸಿ ಬಂದಾವ ಕುಂತಿದ್ದ, ಟಾರ್ಚ್ ಬಿಟ್ಟು ನನ್ನ ಲಿವರ್ ನೋಡಿ "ಇದ್ಯಾವ ನಮೂನಿ ಗಾಡೀರಿ ಅಣ್ಣಾರ" ಅಂದ, ಆಮ್ಯಾಲ ನನ್ನ ಕೈ ತಗೊಂಡು ಮೊಣಕೈ ತನಕ ನೋವಿನ ಎಣ್ಣಿ ತಿಕ್ಕಿದ. ಅವನ ಅಂಗೈ ಮೆಣಸಿನಕಾಯಿ ಘಾಟು ಹೊಡೀತಿತ್ತು, ಎಣ್ಣಿ ಉರಿ ಯಾವುದು ಮೆಣಸಿನಕಾಯಿ ಉರಿ ಯಾವುದು ತಿಳೀಲಿಲ್ಲ. ಅಲ್ಲೇ ಕಾರಿನೊಳಗ ಬೆಳಗಾಗೋ ತನಕ ಕುಂತ್ವಿ. ಇದು ನನ್ನ ಕಥಿ. ಕೈಕಾಲು ಸರಿ ಇದ್ದವರಿಗೂ ಈ ದಾರ್ಯಾಗ ಏನೇನಾಗ್ಯಾವ ಅನ್ನೋದು ಈ ಹೈವೇ ಮಂದಿಗೆ ಹೇಳೋದು ಬ್ಯಾಡ, 2021ರ ಜನವರಿಯೊಳಗ ನಮ್ಮ ಧಾರವಾಡ ಬೈಪಾಸಿನ ಇಟಿಗಟ್ಟಿ ಹತ್ರ ಗೋವಾಕ್ಕ ಹೊಂಟ ದಾವಣಗೆರಿ ಹೆಣ್ಮಕ್ಕಳಿಗೆ ಆದ ಅಪಘಾತ ಯಾರೂ ಮರ್ತಿಲ್ಲ.

ರೈಲಿಗೆ ಹೋಗು ಅಂತೀರಿ. ಹೋಗೇನ್ರಿ. ರಾತ್ರಿ ಹತ್ತಿದ್ರ ಮುಂಜಾನೆ ಬೆಂಗಳೂರು, ಗಾಡಿ ಚಲೋ, ನಿದ್ದಿನೂ ಬರ್ತದ, ನಿಮ್ಮ ರೈಲಿನ ಬಗ್ಗೆ ನಂದೇನೂ ತಕರಾರಿಲ್ಲ. ತಕರಾರು ಇಳಿದ ಮ್ಯಾಲ. ಮೊಬೈಲಿನ್ಯಾಗ ಕ್ಯಾಬ್ ಬುಕ್ ಮಾಡಿದೆ, ಬಂತು, ಡಿಕ್ಕಿ ತೆಗೆದ್ರ ಒಳಗ ಸಿಎನ್‌ಜಿ ಸಿಲಿಂಡರ್ ಕುಂತದ, ಮಡಚಿದ ಗಾಲಿ ಕುರ್ಚಿ ಇಡ್ಲಿಕ್ಕೆ ಜಾಗ ಇಲ್ಲ. ಡ್ರೈವರ್ ಪಾಪ ಒಳ್ಳೆಯವ, ಅವನೂ ಏನು ಮಾಡ್ಯಾನು. ಎರಡನೇದು ಬಂತು, ಅದೂ ಸಿಲಿಂಡರ್. ಮೂರನೇದಾವ ಫೋನ್ ಮಾಡಿ ವೀಲ್‌ಚೇರ್ ಇದೆ ಅಂದ ಕೂಡ್ಲೆ ಕ್ಯಾನ್ಸಲ್. ನಾಲ್ಕನೇದು ಮುಂದಿನ ಸೀಟಿನ್ಯಾಗ ಕುರ್ಚಿ ಹಾಕ್ಕೊಂಡು, ನಾನು ಮನಿಯಾಕಿ ಹಿಂದ ಕುಂತು, ದವಾಖಾನಿ ಮುಟ್ಟೂದ್ರಾಗ ಟೋಕನ್ ದಾಟಿ ಹೋಗಿತ್ತು. ಅವತ್ತ ಸಂಜಿಕ ವಾಪಸ್ ಸ್ಟೇಶನ್ನಿಗೆ ಬರಲಿಕ್ಕೆ ಮತ್ತ ಇದ ಕಥಿ. ಅವತ್ತಿನಿಂದ ಮತ್ತ ಕಾರ ಗತಿ.

ನನ್ನಂಗ ಲಿವರ್ ಕಾರಿನವರು ಎಷ್ಟು ಮಂದಿ ಇರ್ತಾರ ಅಂದ್ರ ಭಾಳ ಇರಲಿಕ್ಕಿಲ್ಲ. ಆದ್ರ ಊರಿಂದ ಊರಿಗೆ ಕಾರು ಬೇಕು, ಉದ್ದಕ್ಕ ಹೊಡೀಲಿಕ್ಕೆ ಮಾತ್ರ ಆಗೂದಿಲ್ಲ ಅನ್ನೋರು ಭಾಳ ಮಂದಿ ಇದ್ದಾರ. ಮಗಳು ಬೆಂಗಳೂರಿನ್ಯಾಗ ಬಾಣಂತನಕ್ಕ ಕರೆದಾಳ, ಮೂರು ತಿಂಗಳು ಅಲ್ಲೇ ಇರಬೇಕು, ರಿಟೈರ್ಡ್ ಅಪ್ಪಗ ಊರಾಗ ಓಡಾಡ್ಲಿಕ್ಕೆ ಕಾರು ಬೇಕು, ಹೈವೇದಾಗ ಕಣ್ಣು ಕಾಣೂದಿಲ್ಲ. ಧಾರವಾಡದಾಗ ಇಂಥ ಮೇಷ್ಟ್ರು ಓಣಿಗೆ ನಾಲ್ಕು ಮಂದಿ ಸಿಗ್ತಾರ. ಟ್ರಾನ್ಸ್‌ಫರ್ ಆದವರು, ಹಬ್ಬಕ್ಕ ಎರಡು ಸಣ್ಣ ಮಕ್ಕಳನ್ನ ಕಟ್ಟಿಕೊಂಡು ಊರಿಗೆ ಬರೋ ಟೆಕ್ಕಿ ಗಂಡ ಹೆಂಡತಿ, ಲಗ್ನಕ್ಕ ಸಾಮಾನು ಹೇರಿಕೊಂಡು ಬರೋರು. ಹಬ್ಬದ ಹಿಂದಿನ ದಿನ ಹಾವೇರಿ ಹತ್ರ ಹೈವೇ ಮ್ಯಾಲ ನಿಂತು ಒಂದು ತಾಸು ಕೆಎ 01, 03, 05 ನಂಬರ್ ಎಣಿಸ್ರಿ, ಸರ್ವೇ ಅಲ್ಲೇ ಮುಗೀತದ.

ಒಂದು ಮಾತು ಭಾಳ ದಿನದಿಂದ ತಲಿಯಾಗ ಕೊರೀತದ. ಹೊಸಾ ಕಾರು ರೈಲಿನ್ಯಾಗ ಬರ್ತಾವ, ಹಳೇ ಕಾರು ಯಾಕ ಬರಬಾರ್ದು? ಕಾರ್ ಕಂಪನಿಯವರು ಎಷ್ಟೋ ವರ್ಷದಿಂದ ಕಾರನ್ನ ರೈಲಿನ್ಯಾಗ ಕಳಿಸ್ತಾರ, ಮಾರುತಿಯವರು 2013ರಾಗ ತಮ್ಮದ ರೇಕ್, ಅಂದ್ರ ಒಂದು ಪೂರ್ತಿ ಗಾಡಿಯಷ್ಟು ವ್ಯಾಗನ್, ಓಡಿಸ್ಲಿಕ್ಕೆ ಲೈಸೆನ್ಸ್ ತಗೊಂಡ್ರು. ನಿಮ್ಮ ಕಡೆನೂ ಎನ್‌ಎಂಜಿ ಅಂತ ಬೋಗಿ ಅವ, ಐಸಿಎಫ್ ಅನ್ನೋ ಮದ್ರಾಸಿನ ಕಾರ್ಖಾನಿಯ ವಯಸ್ಸಾದ ನೀಲಿ ಪ್ಯಾಸೆಂಜರ್ ಬೋಗಿಯ ಸೀಟು ಕಿಟಕಿ ಎಲ್ಲಾ ಕಿತ್ತು, ಎರಡೂ ತುದಿಗೆ ಬಾಗಿಲ ಮಾಡಿ, ಒಂದು ತುದಿಗೆ ಕಾರು ಹತ್ತಿಸಿದ್ರ ಬೋಗಿಯಿಂದ ಬೋಗಿಗೆ ಹಂಗ ಓಡಿಸ್ಕೊಂಡು ಹೋಗಿ ನಿಲ್ಲಿಸೋ ಹಂಗ. ಈಗ 110ರ ಸ್ಪೀಡಿಗೆ ಓಡೋ ಹೊಸ ಮಾದರಿನೂ ಬಂದದ. ನಾವು ಸಣ್ಣವರಿದ್ದಾಗ ಕಿಟಕಿ ಸರಳಿಗೆ ಮೂಗು ಹಚ್ಚಿ ಕುಂತ ಬೋಗಿನ ಮುಪ್ಪಿನ ಕಾಲಕ್ಕ ಕಾರು ಹೊರ್ತದ ಅಂದ್ರ ನನಗೇನೋ ಖುಷಿ. ಅಂಥ ಬೋಗಿ ರಿಪೇರಿ ಮಾಡೋ ವರ್ಕ್‌ಶಾಪು ಎಲ್ಲೋ ಮದ್ರಾಸಿನ್ಯಾಗಿಲ್ಲ, ನಮ್ಮ ಹುಬ್ಬಳ್ಳಿಯೊಳಗ ಅದ, ಸದರ್ನ್ ಮರಾಠಾ ರೈಲ್ವೆ ಕಾಲದಿಂದ ಅದ.

ಬೈಕಿಗೆ ಪಾರ್ಸೆಲ್ ಆಫೀಸ್ ಅದ, ಟ್ಯಾಂಕ್ ಖಾಲಿ ಮಾಡಿ ಗೋಣಿ ತಟ್ಟು ಸುತ್ತಿ ಆರ್‌ಸಿ ಝೆರಾಕ್ಸ್ ಕೊಟ್ರ ಕಳಸ್ತೀರಿ. ಲಾರಿಗೆ ರೋರೋ ಅದ, ಲಾರಿನ ವ್ಯಾಗನ್ನಿನ ಮ್ಯಾಲ ಹತ್ತಿಸಿ ಒಯ್ಯೋದು, ಕೊಂಕಣ ರೈಲ್ವೆಯವರು 1999ರಿಂದ ನಡಸ್ಯಾರ. ನಿಮ್ಮ ನೈಋತ್ಯ ರೈಲ್ವೆನ 2020ರ ಆಗಸ್ಟಿನ್ಯಾಗ ನೆಲಮಂಗಲದಿಂದ ಸೊಲ್ಲಾಪುರದ ಬಾಳೆಗೆ 42 ಲಾರಿ ಹೊರೋ ರೋರೋ ಶುರು ಮಾಡಿತ್ತು, 682 ಕಿಲೋಮೀಟರ್. ಅಂದ್ರ ಕಾರ್ ಕಂಪನಿಗೆ ಅದ, ಬೈಕಿಗೆ ಅದ, ಲಾರಿಗೆ ಅದ, ನಡುವ ನಾವು ಮಾತ್ರ ಅತ್ತಾಗೂ ಇಲ್ಲ ಇತ್ತಾಗೂ ಇಲ್ಲ.

ಇಲ್ಲ ಅಂದ್ರ ತಪ್ಪಾಗ್ತದ, ಒಂದು ಕಡೆ ಶುರು ಆಗಿತ್ತು. 2025ರ ಗಣೇಶ ಚೌತಿಗೆ ಕೊಂಕಣ ರೈಲ್ವೆಯವರು ಮಹಾರಾಷ್ಟ್ರದ ಕೋಲಾಡದಿಂದ ಗೋವಾದ ವೆರ್ಣಾಕ್ಕ ಕಾರು ಒಯ್ಯೋ ರೋರೋ ಬಿಟ್ರು, ಆಗಸ್ಟ್ 23ಕ್ಕ ಶುರು. ನಾನು ಈ ಸುದ್ದಿ ಓದಿ ಮನಿಯಾಕಿಗೆ ಪೇಢೆ ತಂದುಕೊಟ್ಟೆ, ಖರೇನ. ಒಂದು ಟ್ರಿಪ್ಪಿಗೆ 40 ಕಾರು, ಒಂದು ಕಾರಿಗೆ ಜಿಎಸ್‌ಟಿ ಸೇರಿ 7,875 ರೂಪಾಯಿ, ಕಾರಿನ ಮಂದಿ ಮೂರು ಜನದ ತನಕ ಅದ ಗಾಡಿಗೆ ಹಚ್ಚಿದ ಬೋಗಿಯೊಳಗ ಕೂಡಬೇಕಿತ್ತು, ತ್ರೀ ಎಸಿಗೆ 935, ಸೆಕೆಂಡ್ ಸಿಟ್ಟಿಂಗಿಗೆ 190. ಮಧ್ಯಾಹ್ನ ಎರಡಕ್ಕ ಕಾರು ತಂದು ಹಾಜರ್ ಆಗಬೇಕಿತ್ತು, ಸಂಜಿ ಐದಕ್ಕ ಬಿಟ್ಟು ಮುಂಜಾನೆ ಐದಕ್ಕ ಮುಟ್ಟೋದು. 16 ಕಾರಿಗಿಂತ ಕಡಿಮಿ ಬುಕ್ ಆದ್ರ ಟ್ರಿಪ್ ಕ್ಯಾನ್ಸಲ್ ಅಂದಿದ್ರು. ಆಮ್ಯಾಲ ನಡುವ ನಾಂದಗಾಂವ್ ಅನ್ನೋ ಸ್ಟೇಶನ್ನಿಗೂ ಇಳಿಸ್ತೀವಿ ಅಂದ್ರು, ಅಲ್ಲೀತನಕ 5,460.

ಅವರು ಧೈರ್ಯ ಮಾಡಿದ್ದಕ್ಕ ನನ್ನದೊಂದು ದೊಡ್ಡ ಸಲಾಂ. ಆದ್ರ ಹಿಂಗ ಮಾಡಿದ್ರ ಮಂದಿ ಯಾಕ ಬರಬೇಕು ಅನ್ನೋದನ್ನೂ ನೋಡ್ರಿ. ಕೋಲಾಡ ಅಂದ್ರ ಮುಂಬೈಯಿಂದ ನೂರು ಕಿಲೋಮೀಟರ್ ಮ್ಯಾಲ ಆತು. ಮುಂಬೈ ಮನಷ್ಯಾ ಹಬ್ಬದ ಟ್ರಾಫಿಕ್ಕಿನ್ಯಾಗ ಸಿಟಿ ದಾಟಿ, ಆ ಹೈವೇದಾಗ ಮೂರ್ನಾಕು ತಾಸು ಒದ್ದಾಡಿ, ಕೋಲಾಡ ಮುಟ್ಟಿ, ಅಲ್ಲಿ ಮತ್ತ ಮೂರು ತಾಸು ಕಾದು, ಹನ್ನೆರಡು ತಾಸು ರೈಲಿನ್ಯಾಗ ಕುಂತು, ಕಾರಿನಷ್ಟ ಅಥವಾ ಕಾರಿಗಿಂತ ಜಾಸ್ತಿ ಟೈಮ್ ತಗೊಂಡು, ಪೆಟ್ರೋಲಿಗಿಂತ ಡಬಲ್ ರೊಕ್ಕ ಕೊಟ್ಟು ಹೋಗಬೇಕಿತ್ತು. ಮತ್ತ ಕಡೀತನಕ ಟ್ರಿಪ್ ಆಗ್ತದೋ ಇಲ್ಲೋ ಅನ್ನೋ ಧಾಸ್ತಿ ಬ್ಯಾರೆ. ಹಬ್ಬಕ್ಕ ಊರಿಗೆ ಹೋಗೋ ಮನಷ್ಯಾಗ ಹದಿನಾರು ಮಂದಿ ಕೂಡಿದ್ರ ಬರ್ತೀವಿ ಅಂದ್ರ ಹೆಂಗ್ರಿ? ಅಡಿಗಿ ಭಟ್ಟ ನೂರು ಮಂದಿ ಬಂದ್ರ ಒಲಿ ಹಚ್ತೇನಿ ಅಂದಂಗ ಆತು, ಒಲಿ ಹಚ್ಚಿದ ಮ್ಯಾಲ ವಾಸನಿಗೆ ಮಂದಿ ಬರೋದು. ನನ್ನ ಹೆದರಿಕಿ ಏನಂದ್ರ, ಇದರ ಲೆಕ್ಕ ನೋಡಿ ನಾಳೆ ದಿಲ್ಲಿಯೊಳಗ ಯಾರೋ ಒಬ್ರು ಫೈಲಿನ ಮ್ಯಾಲ "ಜನರಿಂದ ಬೇಡಿಕೆ ಇಲ್ಲ" ಅಂತ ಬರದು ಕಟ್ಟಿ ಇಟ್ಟುಬಿಡ್ತಾರ. ಬೇಡಿಕಿ ಅದರೀ, ಕೋಲಾಡದಾಗ ಇಲ್ಲ ಅಷ್ಟ.

ಇದು ಎಲ್ಲೆರೆ ಗೆದ್ದದ ಏನು ಅಂತ ಹುಡುಕಿದ್ರ ಅಮೆರಿಕಾದಾಗ ಗೆದ್ದದ. ಆಟೋ ಟ್ರೇನ್ ಅಂತ ಹೆಸರು, ವಾಷಿಂಗ್ಟನ್ ಹತ್ರದ ಲಾರ್ಟನ್‌ನಿಂದ ಫ್ಲೋರಿಡಾದ ಸ್ಯಾನ್‌ಫರ್ಡ್‌ಗೆ, ಸುಮಾರು 1,375 ಕಿಲೋಮೀಟರ್, ನಡುವ ಒಬ್ಬ ಪ್ಯಾಸೆಂಜರನ್ನೂ ಹತ್ತಿಸೂದಿಲ್ಲ ಇಳಿಸೂದಿಲ್ಲ, ಡ್ಯೂಟಿ ಬದಲಿಗೆ ಡೀಸೆಲ್ಲಿಗೆ ಅಂತ ಒಂದ ಕಡೆ ನಿಲ್ತದ. ಸಂಜಿ ಐದಕ್ಕ ಬಿಡ್ತದ, ಮೂರರೊಳಗ ಕಾರು ಒಪ್ಪಿಸಬೇಕು. ಕಾರಿನ ಬಾಗಿಲಿಗೆ ಒಂದು ಅಯಸ್ಕಾಂತದ ನಂಬರ್ ಪ್ಲೇಟ್ ಅಂಟಿಸ್ತಾರಂತ, ಚಾವಿ ತಗೊಂಡು ಅವರ ಸಿಬ್ಬಂದಿನ ಮುಚ್ಚಿದ ವ್ಯಾಗನ್ನಿನೊಳಗ ಒಯ್ದು ನಿಲ್ಲಿಸ್ತಾರ, ಮರುದಿನ ಇಳಿಸೋವಾಗ ನಿಮ್ಮ ನಂಬರ್ ಕೂಗ್ತಾರ, ನೀವು ಹೋಗಿ ಕಾರು ಹತ್ತೋದು. ಚಪ್ಪಲ್ ಟೋಕನ್ ಇದ್ದಂಗ, ನಮ್ಮ ಸಿದ್ಧಾರೂಢ ಮಠದ ಜಾತ್ರಿ ನೋಡಿದವರಿಗೆ ಇದನ್ನೇನು ಹೇಳಿಕೊಡಬೇಕಾಗಿಲ್ಲ.

ಈ ಗಾಡಿ ಇತಿಹಾಸ ಭಾಳ ಮಜಾ ಅದ, ನಿಮಗ ಕೆಲಸಕ್ಕೂ ಬರ್ತದ. 1971ರ ಡಿಸೆಂಬರಿನ್ಯಾಗ ಯೂಜೀನ್ ಗಾರ್‌ಫೀಲ್ಡ್ ಅನ್ನೋರು ಖಾಸಗಿ ಕಂಪನಿ ಮಾಡಿ ಶುರು ಮಾಡಿದ್ರು, ಚಳಿಗಾಲಕ್ಕ ಬಿಸಿಲು ಹುಡುಕಿಕೊಂಡು ಫ್ಲೋರಿಡಾಕ್ಕ ಹೋಗೋ ವಯಸ್ಸಾದ ಮಂದಿ ಮುಗಿಬಿದ್ರು. ಓಡ್ತದ ಅಂತ ಗೊತ್ತಾದ ಕೂಡ್ಲೆ ಆಸೆ ಹುಟ್ತು, ಲೂಯಿವಿಲ್ ಅನ್ನೋ ಊರಿಂದ ಎರಡನೇ ರೂಟ್ ಹಾಕಿದ್ರು, ಅದು ಓಡಲಿಲ್ಲ, ಅದರ ನಷ್ಟ ಮೊದಲನೇದನ್ನೂ ತಿಂತು, ಅದರ ಮ್ಯಾಲ ಅಪಘಾತ ಬ್ಯಾರೆ, 1981ರಾಗ ಕಂಪನಿ ಬಾಗಿಲು ಹಾಕ್ತು. ಎರಡು ವರ್ಷ ಬಿಟ್ಟು 1983ರ ಅಕ್ಟೋಬರಿನ್ಯಾಗ ಅಲ್ಲಿನ ಆಮ್‌ಟ್ರ್ಯಾಕ್, ಅಂದ್ರ ನಿಮ್ಮಂಥ ಸರ್ಕಾರಿ ರೈಲ್ವೆನ ಅನ್ರಿ, ಅದ ಮೊದಲನೇ ರೂಟನ್ನ ತಗೊಂಡು ಮತ್ತ ಓಡಿಸಿತು, ಇವತ್ತಿನ ತನಕ ದಿನಾ ಓಡ್ತದ. ಹಂಗಾಗಿ ನಾನು ಹತ್ತು ರೂಟ್ ಕೇಳಲಿಕತ್ತಿಲ್ಲ. ಗೋವಾಕ್ಕ ಯಾಕ ಬ್ಯಾಡ ಅಂತ ನಮ್ಮ ಹುಡುಗ್ರು ಕೇಳ್ತಾರ, ಕ್ಯಾಸಲ್‌ರಾಕ್ ಕುಲೇಂ ನಡುವ ಬ್ರಗಾಂಜಾ ಘಾಟು ಮೂವತ್ತೇಳಕ್ಕ ಒಂದರ ಏರು ಅದ, ಅಂದ್ರ ಮೂವತ್ತೇಳು ಮೀಟರ್ ಹೋಗೂದ್ರಾಗ ಒಂದು ಮೀಟರ್ ಏರ್ತದ, ಗಾಡಿ ಹಿಂದ ಬ್ಯಾಂಕರ್ ಎಂಜಿನ್ ಹಚ್ಚಿ ನೂಕಬೇಕು, ಅದನ್ನ ಆಮ್ಯಾಲ ನೋಡೂಣು. ಒಂದ ಒಂದು ರೂಟು, ಹುಬ್ಬಳ್ಳಿ ಬೆಂಗಳೂರು, ಅದನ್ನ ಛಂದಾಗಿ ಮಾಡ್ರಿ.

ಯುರೋಪಿನ್ಯಾಗ ಎರಡೂ ನಮೂನಿ ಅದ. ಇಂಗ್ಲೆಂಡಿನ ಸರ್ಕಾರಿ ರೈಲ್ವೆಯವರು 1995ರಾಗ ಬಂದ್ ಮಾಡಿದ್ರು, ಜರ್ಮನಿ ಸರ್ಕಾರಿ ರೈಲ್ವೆಯವರೂ ಕೈ ಬಿಟ್ರು. ಆದ್ರ ಆಸ್ಟ್ರಿಯಾದವರು ರಾತ್ರಿ ಗಾಡಿಗೆ ಕಾರಿನ ವ್ಯಾಗನ್ ಹಚ್ಚಿ ನಡಸ್ಲಿಕತ್ತಾರ, ಫಿನ್‌ಲ್ಯಾಂಡಿನವರು ಹೆಲ್ಸಿಂಕಿಯಿಂದ ಉತ್ತರದ ರೊವಾನಿಯೆಮಿಗೆ ರಾತ್ರಿ ಮಂದಿನ ಡಬಲ್ ಡೆಕ್ಕರ್ ಸ್ಲೀಪರಿನ್ಯಾಗ ಮಲಗಿಸಿ ಅವರ ಕಾರನ್ನ ಅದ ಗಾಡಿಗೆ ಒಯ್ತಾರ. ಉಳಿದದ್ದೆಲ್ಲಾ ನೋಡಿದ್ರ ಒಂದು ಸೂಕ್ಷ್ಮ ತಿಳೀತದ, ಮಂದಿ ಮಲಗೋ ಟೈಮಿನ್ಯಾಗ ದಾರಿ ಸವೀಬೇಕು. ಆವಾಗ ಹನ್ನೆರಡು ತಾಸಾದ್ರೂ ಯಾರೂ ಕೇಳೂದಿಲ್ಲ, ಹಗಲಾದ್ರ ಒಂದು ತಾಸಿಗೂ ಲೆಕ್ಕ ಕೇಳ್ತಾರ.

ನಮ್ಮ ರೂಟು ಇದಕ್ಕ ಅಗದಿ ಹೇಳಿ ಮಾಡಿಸಿದಂಗ ಅದ. ಲೈನ್ ಡಬಲ್ ಆಗೇದ, ಕರೆಂಟ್ ಬಂದದ. ಲಾರಿ ರೋರೋಕ್ಕ ಮ್ಯಾಲಿನ ವೈರಿಂದು ದೊಡ್ಡ ತಲಿಬ್ಯಾನಿ, ಲಾರಿ ಎತ್ತರ ಅದರ ಮ್ಯಾಲ ತಾಡಪತ್ರಿ ಎತ್ತರ, ಕಾರಿಗೆ ಆ ರಗಳಿ ಇಲ್ಲ, ಎಂಥಾ ದೊಡ್ಡ ಎಸ್‌ಯುವಿ ಆದ್ರೂ ನನ್ನ ಎತ್ತರ ಬರ್ತದ. ರಾತ್ರಿ ಒಂಬತ್ತೂವರಿ ಹತ್ತಕ್ಕ ಬಿಟ್ರ ಮುಂಜಾನೆ ಏಳರೊಳಗ ಮುಟ್ಟಿದ್ರ ಸಾಕು, ವಂದೇ ಭಾರತ್ ಸ್ಪೀಡ್ ಯಾರೂ ಕೇಳಿಲ್ಲ. ಕಾರು ಒಪ್ಪಿಸ್ಲಿಕ್ಕೆ ಮೂರು ತಾಸು ಮೊದಲ ಬಾ ಅಂತ ಮಾತ್ರ ಅನಬ್ಯಾಡ್ರಿ. ಸಂಜಿ ಐದರಿಂದ ಒಂಬತ್ತರ ತನಕ ಯಾವಾಗರೆ ತಂದು ಕೊಟ್ಟು, ರಸೀದಿ ತಗೊಂಡು, ದುರ್ಗದಬೈಲಿಗೆ ಹೋಗಿ ಗಿರ್ಮಿಟ್ ಮಿರ್ಚಿ ತಿಂದು ವಾಪಸ್ ಬಂದು ಹತ್ತೋ ಹಂಗ ಇರಲಿ.

ಜಾಗ? ಸಾಹೇಬ್ರ, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದದ ಪ್ಲ್ಯಾಟ್‌ಫಾರ್ಮ್ ನಮ್ಮದು, 1,507 ಮೀಟರ್, 2023ರ ಮಾರ್ಚ್ 12ಕ್ಕ ಪ್ರಧಾನಮಂತ್ರಿ ಬಂದು ಉದ್ಘಾಟನಾ ಮಾಡಿ ಹೋದ್ರು. ಬೀಗರು ಬಂದ್ರ ಇನ್ನೂ ಮೊದಲು ಅದನ್ನ ತೋರಿಸ್ತೀವಿ. ನನ್ನಂಥಾವ್ಗ ಆ ಉದ್ದ ಒಂದು ಶಿಕ್ಷಾನ, ಬೋಗಿ ಯಾವ ತುದಿಗೆ ಬರ್ತದ ಅನ್ನೋದ್ರ ಮ್ಯಾಲ ನನ್ನ ರಾತ್ರಿ ನಿಂತಿರ್ತದ, ಆದ್ರ ಉದ್ದ ಗಾಡಿ ನಿಲ್ಲಿಸ್ಲಿಕ್ಕೆ ಹುಬ್ಬಳ್ಳಿಯೊಳಗ ಜಾಗ ಇಲ್ಲ ಅಂತ ಮಾತ್ರ ಯಾರೂ ಹೇಳಲಿಕ್ಕೆ ಬರೂದಿಲ್ಲ. ಕಾರು ಹತ್ತಿಸ್ಲಿಕ್ಕೆ ಬೇಕಾದದ್ದು ತುದಿಗೆ ಒಂದು ರ‍್ಯಾಂಪು, ಅದು ಮೇನ್ ಸ್ಟೇಶನ್ನಿನ್ಯಾಗೇ ಇರಬೇಕಂತಿಲ್ಲ, ಗೂಡ್ಸ್ ಶೆಡ್ಡಿನ ಕಡೆ ಆದ್ರೂ ಆತು, ಕಾರು ಅಲ್ಲಿ ಕೊಟ್ಟು ಮಂದಿ ಸ್ಟೇಶನ್ನಿನ್ಯಾಗ ಹತ್ತಲಿ. ಹತ್ತೋದು ಇಳಿಯೋದು ಎರಡ ತುದಿಗೆ. ಹಾವೇರಿ ರಾಣೆಬೆನ್ನೂರಿನ್ಯಾಗೂ ಇಳಿಸ್ರಿ ಅಂತ ಒತ್ತಾಯ ಬರ್ತದ, ಒಪ್ಪಬ್ಯಾಡ್ರಿ, ನಡುವಿನ ಕಾರು ಇಳಿಸ್ಲಿಕ್ಕೆ ಗಾಡಿ ಬಿಚ್ಚಿ ಜೋಡಿಸೋದ್ರಾಗ ಬೆಳಗಾಗ್ತದ. ಗದಗಿನವರು 58 ಕಿಲೋಮೀಟರ್, ಹಾವೇರಿಯವರು ಹೆಚ್ಚೂಕಡಿಮಿ 75, ಹುಬ್ಬಳ್ಳಿ ತನಕ ಹೊಡ್ಕೊಂಡು ಬರ್ತಾರ, ಹಾವೇರಿ ಮಂದಿ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಪಾ.

ಬೆಂಗಳೂರು ತುದಿನ ನಿಜವಾದ ಪರೀಕ್ಷಾ. ನೆಲಮಂಗಲದಾಗ ಲಾರಿ ರೋರೋ ಮಾಡಿದ ಅನುಭವ ನಿಮಗ ಅದ, ಆದ್ರ ಅದು ಹಾಸನ ಲೈನಿನ ಮ್ಯಾಲ ಅದ, ನಮ್ಮ ತುಮಕೂರು ಲೈನಿನಿಂದ ಹೋಗಬೇಕಂದ್ರ ಚಿಕ್ಕಬಾಣಾವರಕ್ಕ ಬಂದು ಎಂಜಿನ್ ದಿಕ್ಕು ಬದಲಿಸಬೇಕು. ಅದಕ್ಕಿಂತ ದೊಡ್ಡ ಮಾತು, ನೆಲಮಂಗಲದಿಂದ ಗೊರಗುಂಟೆಪಾಳ್ಯದ ತನಕ ಆ ನರಕನ ತಪ್ಪಿಸ್ಲಿಕ್ಕೆ ನಾವು ರೈಲು ಹತ್ತೋದು, ನೀವು ನರಕದ ಬಾಗಿಲಿಗೆ ಇಳಿಸಿದ್ರ ಕೋಲಾಡದ ಕಥಿನ ಆತು. ಯಶವಂತಪುರದ ಆಜೂಬಾಜೂ ಎಲ್ಲೆರೆ ಒಂದು ಗೂಡ್ಸ್ ಲೈನು ವಾರಕ್ಕ ಮೂರು ರಾತ್ರಿ ಕೊಡ್ರಿ.

ವಾರಕ್ಕ ಮೂರು ಸಾಕು. ಶುಕ್ರವಾರ ರಾತ್ರಿ ಬೆಂಗಳೂರಿನಿಂದ, ಭಾನುವಾರ ರಾತ್ರಿ ಹುಬ್ಬಳ್ಳಿಯಿಂದ, ನಡುವ ಒಂದು ದಿನ ಹೋಗೋದು ಬರೋದು. ಬರೇ ಹಬ್ಬಕ್ಕ ಅಂತ ಬ್ಯಾಡ. ಹಬ್ಬದ ಟ್ರಯಲ್ ಅಂದ್ರ ಹೋಗೋವಾಗ ತುಂಬಿ ಹೋಗ್ತದ, ಬರೋವಾಗ ಖಾಲಿ ಬರ್ತದ, ನಷ್ಟ ಅಂತ ಬರೀತಾರ. ಒಂದ ಟೈಮಿಗೆ ಒಂದು ವರ್ಷ ಓಡಿಸ್ರಿ, 16 ಆಗಲಿ 6 ಆಗಲಿ ಓಡಿಸ್ರಿ, ಮಂದಿಗೆ ನಂಬಿಕಿ ಬರ್ಲಿ. ರಾಣಿ ಚೆನ್ನಮ್ಮ ಗಾಡಿ ಇವತ್ತು ಬರ್ತದೋ ಇಲ್ಲೋ ಅಂತ ಯಾರಾದ್ರೂ ಕೇಳ್ತಾರೇನ್ರಿ?

ರೊಕ್ಕದ ಮಾತು. ನನ್ನ ಕಾರು ಹೈವೇದಾಗ ಲೀಟರಿಗೆ 15 ಕೊಡ್ತದ, ಟೋಲ್ ಸೇರಿ ಒಂದು ಕಡಿಗೆ ಮೂರೂವರಿ ಸಾವಿರದ ಸುತ್ತಮುತ್ತ ಬೀಳ್ತದ. ಕೋಲಾಡ ವೆರ್ಣಾ ದೂರನೂ ಹೆಚ್ಚೂಕಡಿಮಿ ನಮ್ಮ ಹುಬ್ಬಳ್ಳಿ ಬೆಂಗಳೂರಿನಷ್ಟ, ಅವರು 7,875 ಹಚ್ಚಿದ್ರು. 40 ಕಾರು ತುಂಬಿದ್ರ 3 ಲಕ್ಷ 15 ಸಾವಿರ. ಅಲ್ಲಿ ಲಾರಿ ಹೊರೋ ಬೋಳು ವ್ಯಾಗನ್ ಮ್ಯಾಲ ಎರಡೆರಡ ಕಾರು ನಿಲ್ಲಿಸಿದ್ರು, ಮ್ಯಾಲ ಎಲ್ಲಾ ಖಾಲಿ ಆಕಾಶ. ಕಾರ್ ಕಂಪನಿಗಳ ಕಾರು ಹೊರೋ ಎರಡು ಅಂತಸ್ತಿನ ವ್ಯಾಗನ್ ಹಾಕಿದ್ರ ಅದ ಉದ್ದಕ್ಕ ಎರಡರಷ್ಟು ಕಾರು ಹಿಡೀತಾವ, ರೇಟು ಅರ್ಧಕ್ಕ ಇಳಿಸ್ಲಿಕ್ಕೆ ಬರ್ತದ. 4,000 ಹಚ್ರಿ, ನಾಕು ಮಂದಿಗೆ ಸ್ಲೀಪರ್ ಇಲ್ಲಾ ತ್ರೀ ಎಸಿ ಟಿಕೆಟ್ ಬ್ಯಾರೆ ತಗೋರಿ. ಮೂರ ಮಂದಿ ಅನ್ನೋ ರೂಲು ಬ್ಯಾಡ್ರಿ, ಗಂಡ ಹೆಂಡತಿ ಎರಡು ಮಕ್ಕಳಿದ್ರ ಒಂದು ಮಗನ್ನ ಎಲ್ಲಿ ಬಿಡೋದು?

ಇನ್ನ ಬೈಗಳ ಮಾತು. ಇದನ್ನ ಮೊದಲು ನನ್ನ ಗೆಳೆಯಾಗ ಓದಿ ತೋರಿಸಿದೆ, ಅವ ದಿನಾ ಹುಬ್ಬಳ್ಳಿಯಿಂದ ಹಾವೇರಿಗೆ ಪ್ಯಾಸೆಂಜರ್ ಗಾಡಿಗೆ ಓಡಾಡೋ ಗುಮಾಸ್ತ. ಚಾ ಕಪ್ಪು ಕೆಳಗಿಟ್ಟು "ಜನರಲ್ ಬೋಗಿಯೊಳಗ ನಮಗ ಒಂದ ಕಾಲ ಮ್ಯಾಲ ನಿಂದ್ರಲಿಕ್ಕೆ ಜಾಗಿಲ್ಲ, ನಿಂಗ ಕಾರು ಮಲಗಿಸ್ಲಿಕ್ಕೆ ರೈಲು ಬೇಕೇನಲೇ" ಅಂದ. ನಾ ಅಂದೆ ಒಂದ ಕಾಲ ಮ್ಯಾಲ ನಿಂದ್ರೋ ಕಷ್ಟ ನನಗ ಹೇಳಬ್ಯಾಡಲೇ ಅಂತ, ಇಬ್ರೂ ನಕ್ವಿ, ಆದ್ರ ಅವನ ಮಾತು ಸುಳ್ಳಲ್ಲ. ಅವನ ಜನರಲ್ ಬೋಗಿ ಕಿತ್ತು ನನ್ನ ಕಾರಿಗೆ ಜಾಗ ಮಾಡ್ರಿ ಅಂತ ನಾ ಕೇಳಿದ್ರ ಅದು ಪಾಪ. ಇರೋ ಗಾಡಿಯಿಂದ ಒಂದ ಬೋಗಿನೂ ತಗೀಬ್ಯಾಡ್ರಿ. ಇದು ಬ್ಯಾರೇನ ಗಾಡಿ, ಇದರ ಖರ್ಚು ಇದರ ಕಾರಿನವರ ಕೊಡಬೇಕು, ಟ್ಯಾಕ್ಸ್ ಕಟ್ಟೋ ಆ ಗುಮಾಸ್ತನ ಕಿಸೆಯಿಂದ ಅಲ್ಲ. ಖರ್ಚು ದಾಟಿ ಉಳಿದ್ರ ಅದ ರೊಕ್ಕದಾಗ ಅವನ ಗಾಡಿಗೆ ಎರಡು ಜನರಲ್ ಬೋಗಿ ಹೆಚ್ಚಿಗಿ ಹಚ್ರಿ, ಅವ ನನ್ನ ಜೊತಿ ಮತ್ತ ಚಾ ಕುಡೀತಾನ. ನಂದೊಂದು ಸ್ವಾರ್ಥದ ಕಂಡೀಷನ್ ಮಾತ್ರ ಅದ, ನಲವತ್ತರಾಗ ಎರಡು ಕಾರಿನ ಜಾಗ ನನ್ನಂಥ ದಿವ್ಯಾಂಗರ ಗಾಡಿಗೆ ಕಡೀ ದಿನದ ತನಕ ಹಿಡಿದಿಡ್ರಿ, ಯಾರೂ ಬರಲಿಲ್ಲ ಅಂದ್ರ ಬ್ಯಾರೆಯವರಿಗೆ ಕೊಡ್ರಿ.

ರೈಲ್ವೆ ರಾಜ್ಯ ಮಂತ್ರಿ ಸೋಮಣ್ಣ ಸಾಹೇಬ್ರು ನಮ್ಮ ತುಮಕೂರಿನ ಸಂಸದರ ಅದಾರ, ಈ ಗಾಡಿ ಅವರ ಕ್ಷೇತ್ರದ ಮ್ಯಾಲ ಹಾದು ಹೋಗ್ತದ. ಅವರಿಗೂ ಇದರ ಒಂದು ಪ್ರತಿ ಕಳಸ್ಲಿಕತ್ತೇನಿ.

ಕಡೀಗೊಂದು, ನಿಮ್ಮ ಸಿಬ್ಬಂದಿಗೆ ಉಪಯೋಗ ಆಗ್ತದ ಅಂತ ಹೇಳ್ತೇನಿ. ಟ್ರಯಲ್ ಮಾಡೋ ದಿನ ಗೊತ್ತಾದ್ರ ತಿಳಸ್ರಿ, ಮೊದಲನೇ ಕಾರು ನಂದ ಇರ್ಲಿ, ರೊಕ್ಕ ಪೂರ್ತಿ ಕೊಡ್ತೇನಿ. ಆದ್ರ ಅಮೆರಿಕಾದಂಗ ಚಾವಿ ತಗೊಂಡು ನಿಮ್ಮ ಹುಡುಗ್ರು ಹತ್ತಿಸೋದು ನನ್ನ ಕಾರಿಗೆ ನಡಿಯೂದಿಲ್ಲ, ಪೆಡಲ್ಲಿಗೆ ಕಟ್ಟಿದ ಕಬ್ಬಿಣದ ರಾಡ್ ಅಡ್ಡ ಅವ, ಬೂಟ್ ಹಾಕ್ಕೊಂಡಾವ ಕುಂತ್ರ ಕಾಲು ಸಿಕ್ಕೊಂಡು ಬ್ರೇಕ್ ಬದಲಿ ಇನ್ನೊಂದು ಒತ್ತಿ ಮುಂದಿನ ಕಾರಿಗೆ ಗುದ್ದತಾನ. ಹೋದ ಸಲ ಸರ್ವಿಸಿಗೆ ಬಿಟ್ಟಾಗ ಹಂಗ ಆಗಿ ಬಂಪರ್ ಹೋತು. ಹಂಗಾಗಿ ರ‍್ಯಾಂಪು ನಾನ ಹತ್ತಿಸ್ತೇನಿ, ನೀವು ಗಾಲಿ ಕುರ್ಚಿ ತಗೊಂಡು ಆ ತುದಿಗೆ ಒಬ್ಬನ್ನ ನಿಲ್ಲಿಸ್ರಿ.

ಇಂತಿ ನಿಮ್ಮವ,
ಕೇಶ್ವಾಪುರದ ಒಬ್ಬ ಪ್ರಯಾಣಿಕ, ಹುಬ್ಬಳ್ಳಿ